ಹೊಟ್ಟೆ ಶುದ್ಧಿ ಪುಡಿ ನಂಬಿ ಮಾತ್ರೆ ಬಿಟ್ಟೆ, ನೀವು ಬಿಡಬೇಡಿ

ಅಲ್ಸರೇಟಿವ್ ಕೊಲೈಟಿಸ್ (ದೊಡ್ಡ ಕರುಳಲ್ಲಿ ಉರಿಯೂತ, ಹುಣ್ಣು ಆಗೋ ಕಾಯಿಲೆ) ಇರೋರು, ಮನೇಲಿ ಯಾರಿಗಾದ್ರೂ ಇರೋರು ದಯವಿಟ್ಟು ಪೂರ್ತಿ ಓದಿ. ಬರೆಯೋಕೆ ನಾಚಿಕೆ ಆಗುತ್ತೆ. ಆದ್ರೂ ಬರೀತಿದೀನಿ.

ಈ ಕಾಯಿಲೆ ಬಂದು ಆರು ವರ್ಷ. ಕರುಳಿನ ಉರಿಯೂತ ತಡೆಯೋ ಮೆಸಲಮೈನ್ 1.2 ಗ್ರಾಂ ಮಾತ್ರೆ ದಿನಾ ಎರಡು. ಎರಡೂವರೆ ವರ್ಷದಿಂದ ರಕ್ತ ಇಲ್ಲ, ನೋವಿಲ್ಲ. ಮದುವೆಮನೆಗೆ ಹೋದ ತಕ್ಷಣ ಬಚ್ಚಲು ಎಲ್ಲಿದೆ ಅಂತ ಹುಡುಕೋದು ತಪ್ಪಿತ್ತು. ಅಷ್ಟು ಚೆನ್ನಾಗಿದ್ದಾಗಲೇ ನನ್ನ ಬುದ್ಧಿ ಕೆಟ್ಟಿದ್ದು.

"ಜೀವನಪೂರ್ತಿ ಮಾತ್ರೆ ನುಂಗ್ತೀರಾ ಮೇಡಂ? ಕರುಳು ಬೇರಿಂದ ಸರಿ ಆಗ್ಬೇಕು" ಅಂದ್ರು ಶುದ್ಧಿ ಪುಡಿ ಮಾರೋ ಒಬ್ಬರು ಫೋನಲ್ಲಿ. ತಾವು ಕರುಳು ತಜ್ಞರಂತೆ. 90 ದಿನದ ಕೋರ್ಸು, ಪ್ರೋಬಯಾಟಿಕ್ ಡಬ್ಬ, ರಾತ್ರಿ ಬಿಸಿನೀರಿಗೆ ಒಂದು ಚಮಚ ಶುದ್ಧಿ ಪುಡಿ. 18,500 ರೂಪಾಯಿ, ಪೂರ್ತಿ ಮುಂಗಡ. ಮೊದಲನೇ ವಾರವೇ ಮಾತ್ರೆ ನಿಲ್ಲಿಸಿ ಅಂದ್ರು, ನಿಲ್ಲಿಸಿದೆ. ಡಾಕ್ಟರಿಗೆ ಹೇಳಲಿಲ್ಲ. ಅದು ನನ್ನ ತಪ್ಪು, ಒಪ್ಕೋತೀನಿ.

ಐದನೇ ವಾರ ರಕ್ತ, ಲೋಳೆ ಶುರುವಾಯ್ತು. ಹೆದರಿ ಮೆಸೇಜ್ ಹಾಕಿದೆ. ಉತ್ತರ ಏನು ಗೊತ್ತಾ? "ಒಳ್ಳೇ ಲಕ್ಷಣ ಮೇಡಂ, ವಿಷ ಹೊರಗೆ ಬರ್ತಿದೆ. ಪುಡಿ ಎರಡು ಚಮಚ ಮಾಡಿ." ರಕ್ತ ಹೋಗ್ತಿರೋಳಿಗೆ ಎರಡು ಚಮಚ! ಮಾಡಿದೆ ನಾನು. ದಿನಕ್ಕೆ ಹನ್ನೆರಡು ಸಲ ಓಡಿದೆ. ಕೊನೆಗೆ ಬಚ್ಚಲ ಬಾಗಿಲಲ್ಲೇ ಕುಸಿದೆ, ನಮ್ಮ ಮನೆಯವರು ಎತ್ಕೊಂಡು ಆಸ್ಪತ್ರೆಗೆ ಹಾಕಿದ್ರು.

ಹಿಮೋಗ್ಲೋಬಿನ್ 8.1. ಕರುಳಿನ ಉರಿಯೂತ ಎಷ್ಟಿದೆ ಅಂತ ತೋರಿಸೋ, ಮೊದಲು 60ರ ಆಸುಪಾಸು ಇದ್ದ ಮಲದ ಕ್ಯಾಲ್‌ಪ್ರೊಟೆಕ್ಟಿನ್ 1,400. ಡಾಕ್ಟರು ಪುಡಿಯ ಡಬ್ಬ ತರಿಸಿ, ತಿರುಗಿಸಿ, ಒಂದು ಕಡೆ ಬೆರಳಿಟ್ಟು ತೋರಿಸಿದ್ರು. ಸೋನಾಮುಖಿ ಎಲೆ. "ಇದು ಭೇದಿ ಮಾಡಿಸೋದು ಕಣಮ್ಮ. ಹುಣ್ಣಾದ ಕರುಳಿಗೆ ಇದನ್ನ ಕೊಡ್ತಾರಾ?" ಅದರ ಕೆಳಗೆ ಸಾಸಿವೆ ಕಾಳಿನಷ್ಟು ಅಕ್ಷರದಲ್ಲಿ, ಈ ಉತ್ಪನ್ನ ಯಾವುದೇ ರೋಗ ಗುಣಪಡಿಸಲು ಅಲ್ಲ ಅಂತ ಅವರೇ ಅಚ್ಚು ಹಾಕಿಸಿದ್ರು. ಐದು ವಾರ ದಿನಾ ಕೈಲಿ ಹಿಡಿದ ಡಬ್ಬ. ಒಂದು ದಿನವೂ ತಿರುಗಿಸಿ ನೋಡಿರಲಿಲ್ಲ. ಡಾಕ್ಟರ ಮುಖ ನೋಡೋಕೆ ಆಗದೆ ಗೋಡೆ ಕಡೆ ತಿರುಗಿಬಿಟ್ಟೆ.

ದುಡ್ಡು ವಾಪಸ್ ಕೇಳಿದ್ದಕ್ಕೆ ಮೊದಲು, "ನೀವು ಪಥ್ಯ ಮುರಿದಿದೀರಿ." ಆಮೇಲೆ, "ಮಾತ್ರೆ ಬಿಡಿ ಅಂತ ನಾನು ಎಲ್ಲಾದ್ರೂ ಬರೆದಿದೀನಾ? ತೋರಿಸಿ." ಮೆಸೇಜೆಲ್ಲಾ ಜಾಲಾಡಿದೆ. ಇಲ್ಲ! ಪುಡಿ, ಊಟ, ದುಡ್ಡು ಎಲ್ಲಾ ಬರಹದಲ್ಲಿದೆ. ಮಾತ್ರೆ ಬಿಡಿ ಅನ್ನೋದು ಮಾತ್ರ ಪ್ರತಿ ಸಲವೂ ಫೋನಲ್ಲೇ. ಬೇಕಂತಲೇ ಹಾಗೆ ಮಾಡಿದಾರೆ. ಮಾರನೇ ದಿನ ನನ್ನ ನಂಬರ್ ಬ್ಲಾಕ್.

ಮಾತ್ರೆ ಬಿಡಿ ಅನ್ನೋರಿಗೆ ಬರೆದು ಕೊಡಿ ಅನ್ನಿ. ಡಬ್ಬದ ಮೇಲಿನ 14 ಅಂಕಿಯ ಎಫ್ಎಸ್ಎಸ್ಎಐ ನಂಬರ್ ತೋರಿಸಿ ಸರ್ಕಾರದ ಒಪ್ಪಿಗೆ ಇದೆ ಅಂತಾರೆ. ಅದು ತಿಂಡಿ ಪದಾರ್ಥದ ಲೈಸೆನ್ಸು, ಔಷಧಿಯದ್ದಲ್ಲ. ರಕ್ತ ಕಂಡರೆ ವಿಷನೂ ಇಲ್ಲ, ಶುದ್ಧಿನೂ ಇಲ್ಲ, ಅವತ್ತೇ ಡಾಕ್ಟರ ಹತ್ರ ಹೋಗಿ.

ಈಗ ಪ್ರೆಡ್ನಿಸೊಲೋನ್ ಅನ್ನೋ ಸ್ಟೀರಾಯ್ಡ್ ಮಾತ್ರೆ, 40 ಮಿಲಿಗ್ರಾಂನಿಂದ ವಾರವಾರ ಇಳಿಸ್ತಿದಾರೆ. ಮುಖ ಊದಿದೆ, ರಾತ್ರಿ ನಿದ್ದೆ ಇಲ್ಲ. ಅರ್ಧ ಖಾಲಿಯಾದ ಆ ಡಬ್ಬ ಬೀರುವಿನ ಮೇಲಿದೆ. ಗ್ರಾಹಕರ ಆಯೋಗಕ್ಕೆ ಬೇಕಾಗುತ್ತೆ ಅಂತ ಎಸೆದಿಲ್ಲ.