ಕಾರಿನೊಳಗೆ ಕಾರ್ಬನ್ ಫೈಬರ್ ಲುಕ್ ಮಾಡಿಸುವವರು ಇದನ್ನೊಮ್ಮೆ ಓದಿ

ಒಳಗೆ ಪಿಯಾನೊ ಬ್ಲ್ಯಾಕ್ ಟ್ರಿಮ್, ಅಂದರೆ ಕನ್ನಡಿಯಂತೆ ಹೊಳೆಯುವ ಕಪ್ಪು ಪ್ಲಾಸ್ಟಿಕ್ ಇರುವ ಕಾರು ಓಡಿಸುವವರಿಗೆ ಗೊತ್ತಿರುತ್ತೆ, ಸ್ವಲ್ಪ ದಿನಕ್ಕೇ ಅದರ ತುಂಬ ಗೀರು, ಬೆರಳಚ್ಚು. ಅದನ್ನು ಮುಚ್ಚೋಣ ಅಂತ ಮೈಸೂರಿನ ಒಂದು ಆಕ್ಸೆಸರೀಸ್ ಅಂಗಡಿಯಲ್ಲಿ ಕಾರ್ಬನ್ ಫೈಬರ್ ಲುಕ್ ಶೀಟ್ ಹಾಕಿಸಿದೆ. ಕಾರ್ಬನ್ ನೂಲಿನ ಕಪ್ಪು ನೇಯ್ಗೆಯ ಹಾಗೆ ಕಾಣುವ ಸ್ಟಿಕರ್ ಅಷ್ಟೇ ಅದು. ಗೇರ್ ಸುತ್ತಲಿನ ತುಂಡು, ಬಾಗಿಲುಗಳ ಸ್ವಿಚ್ ಪ್ಯಾನೆಲ್, ಏಸಿ ವೆಂಟ್ ಅಂಚು, ಡ್ಯಾಶ್‌ಬೋರ್ಡಿನ ಮೇಲುಭಾಗ, ಎಲ್ಲಕ್ಕೂ. ಮಂಡ್ಯದಲ್ಲಿ ನಮ್ಮ ಕಾರು ನಿಲ್ಲೋದು ಬಯಲಲ್ಲೇ. ಒಂದು ಬೇಸಿಗೆ ಕಳೆಯುವಷ್ಟರಲ್ಲಿ ಕೊಟ್ಟ ದುಡ್ಡು ನೀರಲ್ಲಿ ಹೋಮ.

ಅಂಗಡಿಯಲ್ಲಿ ಕೈಗೆ ಕೊಟ್ಟಿದ್ದು ಅಂಗೈಯಗಲದ ಸ್ಯಾಂಪಲ್. ಸಪಾಟಾದ ಬೋರ್ಡಿಗೆ ಅಂಟಿಸಿದ್ದು. ಸಪಾಟು ಜಾಗದಲ್ಲಿ ಯಾವ ಶೀಟೂ ಚೆನ್ನಾಗೇ ಕಾಣುತ್ತೆ ಬಿಡಿ. “ಸಾರ್, ಇದು ಫೈವ್ ಡಿ, ಬಿಸಿಲಿಗೆ ಏನೂ ಆಗಲ್ಲ, ತಲೆ ಕೆಡಿಸ್ಕೋಬೇಡಿ” ಅಂದರು. ಈ ತ್ರೀ ಡಿ, ಫೋರ್ ಡಿ, ಫೈವ್ ಡಿ ಎಲ್ಲ ಮಾರೋದಕ್ಕೆ ಇಟ್ಟ ಹೆಸರು. ತ್ರೀ ಡಿ ಅಂದರೆ ಸಾಮಾನ್ಯವಾಗಿ ನೇಯ್ಗೆ ಕೈಗೆ ತಾಗುವ ಶೀಟು. ನಂಬರ್ ಏರಿದ ಹಾಗೆ ಮೇಲೆ ನುಣುಪಾದ ಪದರ, ಹೊಳಪು ಜಾಸ್ತಿ. ಎಷ್ಟು ಕಾಲ ಬಾಳುತ್ತೆ ಅನ್ನೋದಕ್ಕೂ ಆ ನಂಬರಿಗೂ ಸಂಬಂಧವಿಲ್ಲ.

ಕೇಳಬೇಕಾದ ಪ್ರಶ್ನೆ ಒಂದೇ: ಇದು ಕಾಸ್ಟ್ ವಿನೈಲಾ, ಕ್ಯಾಲೆಂಡರ್ಡಾ? ವಿನೈಲ್ ಅಂದರೆ ಈ ಶೀಟಿನ ಪ್ಲಾಸ್ಟಿಕ್, ಅದನ್ನು ತಯಾರಿಸುವ ಎರಡು ಬಗೆ ಇವು. ಕ್ಯಾಲೆಂಡರ್ಡ್ ಶೀಟನ್ನು ಬಿಸಿ ರೋಲರ್‌ಗಳ ನಡುವೆ ಚಪಾತಿ ಹಿಟ್ಟಿನ ಹಾಗೆ ಲಟ್ಟಿಸಿ ತೆಳು ಮಾಡಿರುತ್ತಾರೆ. ಎಳೆದು ಬಗ್ಗಿಸಿ ಅಂಟಿಸಿದರೆ ಆ ಕ್ಷಣಕ್ಕೆ ಕೂರುತ್ತೆ. ಬಿಸಿ ತಾಗಿದಾಗ ಹಳೆಯ ಅಳತೆಗೆ ಕುಗ್ಗಲು ನೋಡುತ್ತೆ. ಕಾಸ್ಟ್ ವಿನೈಲ್ ದ್ರವವನ್ನು ಹರಡಿ ತಯಾರಿಸಿದ್ದು. ಅದಕ್ಕೆ ಈ ಸೆಳೆತ ಕಡಿಮೆ, ತಿರುವುಗಳಿಗೆ ಒಗ್ಗುತ್ತೆ, ಬೆಲೆ ಮಾತ್ರ ಜಾಸ್ತಿ. ಅದನ್ನೂ ಅಂಟಿಸಿದ ಮೇಲೆ ಅಂಚಿಗೆ, ತಿರುವಿಗೆ ಮತ್ತೊಮ್ಮೆ ಬಿಸಿ ಗಾಳಿ ಊದುವ ಹೀಟ್ ಗನ್ ಹಿಡಿಯಬೇಕು. 90 ಡಿಗ್ರಿ ಸೆಲ್ಸಿಯಸ್ ಆಸುಪಾಸು ಬಿಸಿಯಾದರೆ ಎಳೆದ ಬಿಗಿ ಸಡಿಲವಾಗುತ್ತೆ. ನಮ್ಮ ಕಾರಿಗೆ ಶೀಟ್ ಹಾಕಿದ ಅಂಗಡಿ ಹುಡುಗ ಹೀಟ್ ಗನ್ ಹಿಡಿದಿದ್ದು ಶೀಟ್ ಎಳೆಯುವಾಗ ಮಾತ್ರ.

ಗೇರ್ ಹತ್ತಿರ ಮೂಲೆಯಲ್ಲಿ ಮೊದಲು ಉಗುರಿನಷ್ಟು ಎದ್ದಿತು. ಒತ್ತಿದರೆ ಕೂರುತ್ತಿತ್ತು, ಮಧ್ಯಾಹ್ನ ಮತ್ತೆ ಏಳುತ್ತಿತ್ತು. ಆಮೇಲೆ ಶೀಟೇ ಹಿಂದೆ ಸರಿದು ಅಂಚಿನುದ್ದಕ್ಕೂ ಬರೀ ಅಂಟು ಉಳಿಯಿತು. ಅದಕ್ಕೆ ಧೂಳು, ಕೂದಲು, ಬಟ್ಟೆಯ ನೂಲು ಹಿಡಿದು ಕಪ್ಪು ಗೆರೆ. ಪೂರ್ತಿ ಕಿತ್ತಾಗ ಕೆಳಗಿನ ಪ್ಲಾಸ್ಟಿಕ್ ಮೇಲೆ ಉದ್ದುದ್ದ ಬ್ಲೇಡ್ ಗೀರು! ತುಂಡುಗಳನ್ನು ಬಿಚ್ಚದೆ, ಕಾರಲ್ಲೇ ಅಂಟಿಸಿ ಕತ್ತರಿಸಿದ್ದಕ್ಕೆ ಸಿಕ್ಕ ಉಡುಗೊರೆ. ಬಿಚ್ಚಿ ಹಾಕಿದ್ದರೆ ಶೀಟಿನ ಅಂಚನ್ನು ಹಿಂಬದಿಗೆ ಮಡಚಬಹುದಿತ್ತು. ಡ್ಯಾಶ್‌ಬೋರ್ಡ್ ಪಾಲಿಶಿನ ಸಿಲಿಕೋನ್ ಜಿಡ್ಡನ್ನೂ ಸರಿಯಾಗಿ ತೆಗೆದಿರಲಿಲ್ಲ. ಅದರ ಮೇಲೆ ಯಾವ ಅಂಟೂ ನಿಲ್ಲಲ್ಲ.

ನೇಯ್ಗೆಯ ದಿಕ್ಕಿನ ಕತೆ ಇನ್ನೊಂದು. ಕಾರ್ಬನ್ ಟ್ವಿಲ್ ನೇಯ್ಗೆಯಲ್ಲಿ ಗೆರೆ ಓರೆಯಾಗಿ ಓಡುತ್ತೆ. ನಮ್ಮ ಕಾರಲ್ಲಿ ಡ್ರೈವರ್ ಬಾಗಿಲಲ್ಲಿ ಒಂದು ಕಡೆಗೆ, ಹಿಂದಿನ ಬಾಗಿಲಲ್ಲಿ ಇನ್ನೊಂದು ಕಡೆಗೆ. ಶೀಟು ಉಳಿಸೋಕೆ ತುಂಡುಗಳನ್ನು ಹೇಗೆಂದರೆ ಹಾಗೆ ತಿರುಗಿಸಿ ಕತ್ತರಿಸಿದ್ದಾರೆ. ಒಮ್ಮೆ ಕಣ್ಣಿಗೆ ಬಿದ್ದರೆ ಮುಗೀತು, ಬೇರೇನೂ ಕಾಣಲ್ಲ.

ಹೊಳಪು ಬೇಡ, ತ್ರೀ ಡಿ ಹಾಕಿಸೋಣ ಅಂತೀರಾ? ನಮ್ಮ ಭಾವನ ಕಾರಲ್ಲಿ ಅದೇ ಇದೆ. ಆಯುಧ ಪೂಜೆಗೆ ಇಟ್ಟ ಅರಿಶಿನ ಕುಂಕುಮ ನೇಯ್ಗೆಯ ತಗ್ಗಿನಲ್ಲಿ ಕೂತುಬಿಟ್ಟಿದೆ. ಹಲ್ಲುಜ್ಜುವ ಬ್ರಷ್ ಹಿಡಿದು ತಿಕ್ಕಿದರೂ ಸಂದಿಯಲ್ಲಿ ಇನ್ನೂ ಹಳದಿ.

ಹೊಳಪಿನ ಶೀಟನ್ನು ಡ್ಯಾಶ್‌ಬೋರ್ಡಿನ ಮೇಲುಭಾಗಕ್ಕಂತೂ ಹಾಕಿಸಲೇಬೇಡಿ. ಸಂಜೆ ಮಂಡ್ಯದಿಂದ ಮೈಸೂರಿಗೆ ಹೊರಟರೆ ಬಿಸಿಲು ಎದುರಿಗೇ. ಶ್ರೀರಂಗಪಟ್ಟಣ ದಾಟುವವರೆಗೂ ಮುಂದಿನ ಗಾಜಿನ ಮೇಲೆ ಅದರದ್ದೇ ಪ್ರತಿಬಿಂಬ.

ಇದೆಲ್ಲ ಹೋಗಲಿ, ದುಡ್ಡಿನ ವಿಷಯ. ನನಗೆ ನಿಜವಾಗಿ ಸಿಟ್ಟು ಬಂದಿದ್ದು ಪಕ್ಕದ ಸೀಟಿನ ಎದುರು ಮಾಡಿದ ಕೆಲಸಕ್ಕೆ. ಅಲ್ಲಿ ಏರ್‌ಬ್ಯಾಗ್ ಅಂತ ಅಚ್ಚಾಗಿರುವ ಅಕ್ಷರದ ಮೇಲೂ ಶೀಟು ಎಳೆದಿದ್ದರು. ಮುಚ್ಚಳದ ಗೆರೆಯೂ ಅದರಡಿಗೇ ಹೋಗಿತ್ತು. ಪಕ್ಕದ ಸೀಟಿನ ಏರ್‌ಬ್ಯಾಗನ್ನು ಸರ್ಕಾರ 2021ರಲ್ಲಿ ಕಡ್ಡಾಯ ಮಾಡಿದ್ದು ಸುಮ್ನೆ ಅಲ್ಲ. ಕಣ್ಣು ಮಿಟುಕಿಸುವಷ್ಟರಲ್ಲಿ ಆ ಮುಚ್ಚಳ ತೆರೆದುಕೊಳ್ಳಬೇಕು. ಅದಕ್ಕೆ ಅಡ್ಡ ಶೀಟು ಅಂಟಿಸಿದರೆ ಅದು ಬೇಕಾದ ಹಾಗೆ ತೆರೆಯುತ್ತೆ ಅನ್ನೋ ಭರವಸೆ ಯಾರು ಕೊಡ್ತಾರೆ? ಸ್ಟೀರಿಂಗ್ ನಡುವಿನ ಮುಚ್ಚಳಕ್ಕೂ ಇದೇ ಮಾತು. ಯಾರಾದರೂ “ಅಲ್ಲಿಗೂ ಹಾಕೋಣ ಸಾರ್, ಸೂಪರಾಗಿರುತ್ತೆ” ಅಂದರೆ ಆ ಅಂಗಡಿಯಿಂದ ಎದ್ದು ಬನ್ನಿ.

ಅಂಕುಡೊಂಕು ಜಾಸ್ತಿ ಇರುವ ತುಂಡಿಗೆ ನನ್ನ ಪ್ರಕಾರ ಹೈಡ್ರೋ ಡಿಪ್ಪಿಂಗ್ ವಾಸಿ. ನೀರಿನ ಮೇಲೆ ತೇಲುವ ಡಿಸೈನಿನೊಳಗೆ ತುಂಡನ್ನು ಮುಳುಗಿಸಿ, ಆಮೇಲೆ ಕ್ಲಿಯರ್ ಕೋಟ್, ಅಂದರೆ ಬಣ್ಣವಿಲ್ಲದ ಪಾರದರ್ಶಕ ಪೇಂಟ್ ಹೊಡೆಯುತ್ತಾರೆ. ಏಳೋದಕ್ಕೆ ಅಂಚೇ ಇರಲ್ಲ. ಆದರೆ ಬೇಡ ಅನ್ನಿಸಿದರೆ ಸ್ಯಾಂಡ್ ಪೇಪರ್ ಹಿಡಿದು ಉಜ್ಜಬೇಕು, ಆಳದ ಮೂಲೆಗಳಲ್ಲಿ ಡಿಸೈನ್ ಎಳೆದ ಹಾಗೆ ಕಾಣೋದೂ ಉಂಟು. ಅಸಲಿ ಕಾರ್ಬನ್ ಬಟ್ಟೆಗೆ ಎಪಾಕ್ಸಿ ಅನ್ನೋ ಗಟ್ಟಿಯಾಗುವ ಅಂಟು ದ್ರವ ಹಾಕಿ ಮಾಡುವವರೂ ಇದ್ದಾರೆ. ಅದಕ್ಕೆ ಯುವಿ ತಡೆಯುವ ಕ್ಲಿಯರ್ ಕೋಟ್ ಇಲ್ಲದಿದ್ದರೆ ಬಿಸಿಲಿಗೆ ಹಳದಿ ತಿರುಗುತ್ತೆ.

ಈಗಾಗಲೇ ಹಾಕಿಸಿ ಏಳ್ತಾ ಇದ್ದರೆ, ರಪ್ಪನೆ ಕೀಳಬೇಡಿ. ಕೂದಲು ಒಣಗಿಸುವ ಡ್ರೈಯರ್‌ನಿಂದ ಬೆಚ್ಚಗೆ ಮಾಡಿ, ಶೀಟನ್ನು ಹಿಂದಕ್ಕೆ ಮಡಚಿ ನಿಧಾನಕ್ಕೆ ಎಳೆಯಿರಿ. ಉಳಿದ ಅಂಟಿಗೆ ಐಸೋಪ್ರೊಪೈಲ್ ಆಲ್ಕೋಹಾಲ್ ಹಾಕಿದ ಬಟ್ಟೆ ಸಾಕು, ಮೊದಲು ಕಾಣದ ಮೂಲೆಯಲ್ಲಿ ಒರೆಸಿ ನೋಡಿ. ಪೇಂಟ್ ಅಂಗಡಿಯ ಥಿನ್ನರ್ ಮಾತ್ರ ಮುಟ್ಟಿಸಬೇಡಿ. ಅಂಟಿನ ಜೊತೆ ಪ್ಲಾಸ್ಟಿಕ್ಕೂ ಕರಗುತ್ತೆ.