ಗಾಡಿ ಹೆಸರು ಹೇಳಿ ಕ್ಯಾಲಿಪರ್ ಕಿಟ್ ತರಬೇಡಿ

ಹಳೆ ಗಾಡಿ ಇಟ್ಟುಕೊಂಡವರು ದಯವಿಟ್ಟು ಪೂರ್ತಿ ಓದಿ. ನಮ್ಮಪ್ಪನ ಕಾಂಟೆಸ್ಸಾ ಕಾರು ಎರಡು ವರ್ಷ ಬಳ್ಳಾರಿ ಮನೆ ಮುಂದೆ ಸುಮ್ನೆ ನಿಂತಿತ್ತು. ಮುಂದಿನ ಡಿಸ್ಕ್ ಬ್ರೇಕ್ ಜಾಮ್ ಆಗಿತ್ತು. ಕ್ಯಾಲಿಪರ್, ಅಂದ್ರೆ ಪ್ಯಾಡ್‌ಗಳಿಂದ ಡಿಸ್ಕನ್ನು ಹಿಡಿಯುವ ಭಾಗ, ಬಿಚ್ಚಿ ಒಳಗಿನ ರಬ್ಬರ್ ಉಂಗುರ, ಅಂದ್ರೆ ಸೀಲ್, ಹೊಸದು ಹಾಕಲು ಇಲ್ಲೇ ಒಂದು ಗ್ಯಾರೇಜಿಗೆ ಕೊಟ್ಟೆ. ಸೀಲ್ ಕಿಟ್ ತಂದವನು ನಾನೇ. ಗಾಡಿ ಹೆಸರು ಹೇಳಿದೆ, ಅಂಗಡಿಯವರು ಕೊಟ್ಟರು, ಅಳತೆ ಅವರೂ ಕೇಳಲಿಲ್ಲ, ನಾನೂ ನೋಡಲಿಲ್ಲ.

ವಾರ ಬಿಟ್ಟು ಹೊಸಪೇಟೆಗೆ ಹೊರಟೆವು, ಹಿಂದೆ ಅಮ್ಮ ಕೂತಿದ್ದರು. ತೋರಣಗಲ್ಲು ಬರುವ ಮೊದಲೇ ಗಾಡಿ ಬಲಕ್ಕೆ ಎಳೆಯತೊಡಗಿತು, ಸುಟ್ಟ ವಾಸನೆ ಬಂತು, ಮುಂದಿನ ಅದಿರು ಲಾರಿ ನಿಧಾನ ಆಯ್ತಲ್ಲ ಅಂತ ಬ್ರೇಕ್ ಒತ್ತಿದರೆ ಪೆಡಲ್ ಸರಕ್ಕನೆ ನೆಲಕ್ಕಿಳಿಯಿತು. ಗೇರ್ ಕಡಿಮೆ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು ಹೇಗೋ ರಸ್ತೆ ಪಕ್ಕದ ಮಣ್ಣಿಗೆ ತಂದೆ. ಬಲ ಚಕ್ರದಿಂದ ಹೊಗೆ ಬರುತ್ತಿತ್ತು. ಅಮ್ಮನ ಕೈ ಅರ್ಧ ಗಂಟೆ ನಡುಗುತ್ತಲೇ ಇತ್ತು.

ಬೇರೆ ಮೇಸ್ತ್ರಿ ಹತ್ತಿರ ಬಿಚ್ಚಿಸಿ ವರ್ನಿಯರ್ ಅನ್ನೋ ಅಳತೆ ಸಾಧನ ಹಿಡಿದು, ಪ್ಯಾಡನ್ನು ಡಿಸ್ಕಿಗೆ ಒತ್ತುವ ಪಿಸ್ಟನ್ನಿನ ಅಗಲ ಅಳೆದೆವು. ಎಡಗಡೆ 48 ಮಿ.ಮೀ., ಬಲಗಡೆ 51. ಹಿಂದೆ ಯಾವಾಗಲೋ ಯಾರೋ ಬೇರೆ ಗಾಡಿಯ ಕ್ಯಾಲಿಪರ್ ಕೂರಿಸಿದ್ದಾರೆ. ಬರೀ 3 ಮಿ.ಮೀ. ಅಲ್ವಾ ಅನ್ನಬೇಡಿ, ಆ ಕಡೆ ಪ್ಯಾಡ್ ಒತ್ತುವ ಬಲ ಸುಮಾರು ಶೇ. 13ರಷ್ಟು ಜಾಸ್ತಿ ಬೀಳುತ್ತೆ. ನಾನು ತಂದ ಸೀಲ್ ಎರಡೂ 48ರದ್ದು. ಬಲಗಡೆ ಪಿಸ್ಟನ್ ಒಳಗೆ ಹೋಗಿಲ್ಲ, ಗ್ಯಾರೇಜಿನವರು ಸಾದಾ ಗ್ರೀಸ್ ಬಳಿದು ನುಗ್ಗಿಸಿದ್ದಾರೆ.

ನಾವೆಲ್ಲ ಬ್ರೇಕ್ ಆಯಿಲ್ ಅಂತೀವಿ. ಆದರೆ ಡಬ್ಬಿ ಮೇಲೆ ಡಾಟ್ 3, ಡಾಟ್ 4 ಅಂತ ಬರೆದಿರುವ ಬ್ರೇಕ್ ಫ್ಲೂಯಿಡ್ ಆಯಿಲ್ ಅಲ್ಲ, ಗ್ಲೈಕಾಲ್ ಅನ್ನೋ ಬೇರೆ ಜಾತಿಯ ರಾಸಾಯನಿಕದ ದ್ರವ. ಅದಕ್ಕೆಂದೇ ಮಾಡಿದ ರಬ್ಬರಿಗೆ ಸಾದಾ ಗ್ರೀಸ್, ಪೆಟ್ರೋಲ್, ಇಂಜಿನ್ ಆಯಿಲ್ ತಾಗಿದರೆ ಊದಿಕೊಳ್ಳುತ್ತೆ. ಹೊರಗೆ ತೆಗೆದ ಸೀಲ್ ನೆನೆಸಿದ ಕಡಲೆ ಹಾಗೆ ಉಬ್ಬಿತ್ತು, ಚೌಕ ಅಂಚು ದುಂಡಗಾಗಿತ್ತು. ಆ ಅಂಚಿನಲ್ಲೇ ಎಲ್ಲಾ ಇರೋದು. ಪೆಡಲ್ ಒತ್ತಿದಾಗ ಸೀಲ್ ಸ್ವಲ್ಪ ಬಾಗುತ್ತೆ, ಬಿಟ್ಟಾಗ ನೆಟ್ಟಗಾಗುತ್ತಾ ಪಿಸ್ಟನ್ನನ್ನು ಹಿಂದಕ್ಕೆ ಎಳೆದುಕೊಳ್ಳುತ್ತೆ. ಅದು ಎಳೆಯದಿದ್ದರೆ ಪ್ಯಾಡ್ ಉಜ್ಜುತ್ತಲೇ ಇರುತ್ತೆ, ಕಾವು ಏರಿ ಒಳಗಿನ ಫ್ಲೂಯಿಡ್ ಕುದಿಯುತ್ತೆ, ಪೆಡಲ್ ಸತ್ತುಹೋಗುತ್ತೆ.

ಆದ್ದರಿಂದ ಎರಡೂ ಪಿಸ್ಟನ್ ಅಳೆದ ಮೇಲೇ ಕಿಟ್ ತನ್ನಿ. ಜೋಡಿಸುವಾಗ ಹೊಸ ಬ್ರೇಕ್ ಫ್ಲೂಯಿಡ್ಡನ್ನೇ ಸವರಲು ಹೇಳಿ, ಎದುರಿಗೇ ನಿಂತು ನೋಡಿ. ಒಳಗಿನ ಗಾಳಿ ಹೊರಬಿಡುವ ಬ್ಲೀಡರ್ ನಿಪ್ಪಲ್ ಕ್ಯಾಲಿಪರಿನ ಮೇಲ್ಗಡೆ ಇರಬೇಕು, ಕೆಳಗಿದ್ದರೆ ಎಡ ಬಲ ಕ್ಯಾಲಿಪರ್ ಅದಲುಬದಲಾಗಿದೆ ಅಂತ ಅರ್ಥ, ಗಾಳಿ ಪೂರ್ತಿ ಹೋಗಲ್ಲ. ಗಾಡಿ ಕೈಗೆ ಬಂದ ಮೇಲೆ ಖಾಲಿ ರಸ್ತೆಯಲ್ಲಿ ನಾಲ್ಕೈದು ಕಿ.ಮೀ. ನಿಧಾನ ಓಡಿಸಿ, ಇಳಿದು ಎರಡೂ ಮುಂದಿನ ಚಕ್ರದ ಹತ್ತಿರ ಅಂಗೈ ಹಿಡಿದು ನೋಡಿ. ಒಂದು ಮಾತ್ರ ಸುಡುತ್ತಿದ್ದರೆ ಮುಂದಕ್ಕೆ ಹೋಗಬೇಡಿ, ಮೇಸ್ತ್ರಿಯನ್ನು ಅಲ್ಲಿಗೇ ಕರೆಸಿ.