ಮಜೂರಿ ಬಿಟ್ಟ ಲೆಕ್ಕ: ಹುಬ್ಬಳ್ಳಿಯಲ್ಲಿ ಕೂತು ನೋಡಿದರೆ ‘ವ್ಹೀಲರ್ ಡೀಲರ್ಸ್’

ಹಳೇ ಗಾಡಿ ಕೊಂಡು, ಬಿಚ್ಚಿ ರಿಪೇರಿ ಮಾಡಿ, ಮಾರಿ, ಎಷ್ಟು ಉಳಿಯಿತು ಅಂತ ಕೊನೆಗೆ ಪರದೆಯ ಮೇಲೇ ಲೆಕ್ಕ ತೋರಿಸುವ ಬ್ರಿಟಿಷ್ ಟಿವಿ ಕಾರ್ಯಕ್ರಮ ‘ವ್ಹೀಲರ್ ಡೀಲರ್ಸ್’. ಶುರುವಾದದ್ದು 2003ರಲ್ಲಿ. ವ್ಯಾಪಾರ ಮೈಕ್ ಬ್ರೂವರ್ ಅವರದು, 2017ರವರೆಗೆ ಪಾನಾ ಹಿಡಿದು ರಿಪೇರಿ ಮಾಡಿದವರು ಎಡ್ ಚೈನಾ. ಗ್ಯಾರೇಜ್ ಕೆಲಸವನ್ನು ಇಷ್ಟು ತಾಳ್ಮೆಯಿಂದ ಬಿಡಿಸಿ ತೋರಿಸಿದ ಕಾರ್ಯಕ್ರಮ ಅಪರೂಪ. ಇದು ಕನ್ನಡಕ್ಕೆ ಬರಲೇಬೇಕು. ಆದರೆ ಬರೀ ದನಿ ಬದಲಿಸಿ ತಂದರೆ ಹುಬ್ಬಳ್ಳಿಯ ಗೋಕುಲ ರೋಡಿನಲ್ಲಿ ಗ್ಯಾರೇಜ್ ಇಟ್ಟವರಿಗೂ, ಅಲ್ಲಿ ಗಾಡಿ ಬಿಡುವವರಿಗೂ ಅದರ ಅರ್ಧ ಉಪಯೋಗವೂ ಆಗುವುದಿಲ್ಲ.

ಮೊದಲು ತಿದ್ದಬೇಕಾದದ್ದು ಆ ಲೆಕ್ಕವನ್ನೇ. ಕೊಂಡ ಬೆಲೆ, ಪಾರ್ಟ್ಸ್ ಖರ್ಚು, ಮಾರಿದ ಬೆಲೆ ಇಷ್ಟೇ ಅಲ್ಲಿ ಕಾಣುತ್ತವೆ. ಮೆಕ್ಯಾನಿಕ್ ಗಾಡಿ ಕೆಳಗೆ ಮಲಗಿ ದುಡಿದ ತಾಸುಗಳಿಗೆ ಬೆಲೆಯೇ ಕಟ್ಟುವುದಿಲ್ಲ. ಉದಾಹರಣೆಗೆ 1,20,000ಕ್ಕೆ ಒಂದು ವ್ಯಾಗನ್ ಆರ್ ಕೊಂಡು, 22,000 ಪಾರ್ಟ್ಸಿಗೆ ಹಾಕಿ, 1,60,000ಕ್ಕೆ ಮಾರಿದರೆ ಅವರ ಲೆಕ್ಕದಲ್ಲಿ ಲಾಭ 18,000. ಅದರಲ್ಲಿ ಮಜೂರಿ 9,500, ಆರ್‌ಸಿ ವರ್ಗಾವಣೆ ಮತ್ತು ವಿಮೆಗೆ 5,000, ದಲಾಲಿ 3,000 ಕಳೆಯಿರಿ. ಉಳಿಯುವುದು 500. ಟಿವಿ ನೋಡಿ ಹಳೇ ಗಾಡಿ ವ್ಯಾಪಾರಕ್ಕೆ ಕೈ ಹಾಕುವ ಹುಡುಗರು ಇದ್ದೇ ಇರುತ್ತಾರೆ. ಅವರ ಮುಂದೆ ಪೂರ್ತಿ ಲೆಕ್ಕ ಇಡುವುದು ಕನ್ನಡದಲ್ಲಿ ಮಾಡುವವರ ಜವಾಬ್ದಾರಿ.

ಚೌಕಾಸಿ ಮಾತ್ರ ಇದ್ದಂತೆಯೇ ಇರಲಿ. ಬ್ರೂವರ್ ಕೈ ಮುಂದೆ ಚಾಚಿ, ಎದುರಿನವರು ಹಿಡಿಯುವ ತನಕ ರೇಟು ಆಡುತ್ತಾರೆ. ದನದ ಸಂತೆಯಲ್ಲಿ ಟವೆಲ್ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವುದನ್ನು ಕಂಡ ಹಾವೇರಿ ಕಡೆಯ ಮಂದಿಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ‘ಅಣ್ಣಾರ, ಕಡೀ ರೇಟ್ ಹೇಳ್ರಿ’ ಅಂದರೆ ಸಾಕು.

ಗಾಡಿ ಪರೀಕ್ಷೆಯಲ್ಲಿ ಮಾತ್ರ ಎರಡು ಊರುಗಳ ದಾರಿ ಬೇರೆ. ಇಂಗ್ಲೆಂಡಿನಲ್ಲಿ ಚಳಿಗಾಲಕ್ಕೆ ರಸ್ತೆಗೆ ಉಪ್ಪು ಹಾಕುತ್ತಾರೆ, ತಳದ ತಗಡನ್ನು ತುಕ್ಕು ತಿನ್ನುತ್ತದೆ. ಅದಕ್ಕೇ ಅವರು ಬಗ್ಗಿ ಮೊದಲು ನೋಡುವುದು ಬಾಗಿಲ ಕೆಳಗಿನ ಪಟ್ಟಿ ಮತ್ತು ಚಕ್ರದ ಮೇಲಿನ ಕಮಾನು. ಗೋವಾ, ಕಾರವಾರದಿಂದ ಬಂದ ಗಾಡಿಗೆ ಆ ಪಾಠ ಇಲ್ಲೂ ಬೇಕು, ಕಡಲ ಗಾಳಿಯೂ ಅದೇ ಕೆಲಸ ಮಾಡುತ್ತದೆ. ನವಲಗುಂದ, ಅಣ್ಣಿಗೇರಿ, ಗದಗ ಸುತ್ತ ಓಡಿದ ಗಾಡಿಯ ಶತ್ರು ಎರೆಮಣ್ಣು. ಮಳೆಗಾಲದಲ್ಲಿ ರಿಮ್ಮಿನ ಒಳಬದಿಗೆ ಮೆತ್ತಿ ಒಣಗಿದರೆ ಅಲೈನ್‌ಮೆಂಟ್ ಸರಿಯಿದ್ದರೂ ಸ್ಟೇರಿಂಗ್ ನಡುಗುತ್ತದೆ. ಆ್ಯಕ್ಸಲ್ ಜಾಯಿಂಟಿನ ಮೇಲಿನ ರಬ್ಬರ್ ಬೂಟ್, ಅಂದರೆ ಕವಚ, ಹರಿದರೆ ಗ್ರೀಸ್ ಹೊರಗೆ ಸಿಡಿದು ಮಣ್ಣು ಒಳಗೆ ಸೇರುತ್ತದೆ. ಸ್ಟೇರಿಂಗ್ ಪೂರ್ತಿ ತಿರುಗಿಸಿ ನಿಧಾನ ಸುತ್ತು ಹೊಡೆದಾಗ ಕಟಕಟ ಸದ್ದು ಬಂದರೆ ಜಾಯಿಂಟೇ ಹೋಗಿದೆ ಎಂದು ತಿಳಿಯಬೇಕು. ಬೂಟ್ ಹರಿದಾಗಲೇ ಬದಲಿಸಿದ್ದರೆ ಸಣ್ಣ ಖರ್ಚಿನಲ್ಲಿ ಮುಗಿಯುತ್ತಿತ್ತು. 2019ರ ಆಗಸ್ಟ್ ನೆರೆಯಂಥ ನೀರಲ್ಲಿ ನಿಂತ ಗಾಡಿಯೋ ಎಂದು ತಿಳಿಯಲು ಕಾರ್ಪೆಟ್ ಎತ್ತಿ, ಸೀಟಿನ ಹಳಿಯ ಬೋಲ್ಟ್ ನೋಡಿ. ಮೇಲೆ ಎಷ್ಟು ಪಾಲಿಶ್ ಹೊಡೆದಿದ್ದರೂ ಅಲ್ಲಿನ ತುಕ್ಕು ಮುಚ್ಚಿಡುವುದು ಕಷ್ಟ. ಇಂಜಿನ್ ಶುರು ಮಾಡುವ ಮುಂಚೆ ಬಾನೆಟ್ ಎತ್ತಿ ಕೈಯಿಟ್ಟು ನೋಡಿ. ಆಗಲೇ ಬೆಚ್ಚಗಿದ್ದರೆ ತಣ್ಣಗಿದ್ದಾಗ ಕಾಣುವ ಹೊಗೆಯನ್ನು ನಿಮ್ಮಿಂದ ಮುಚ್ಚಿಟ್ಟಿದ್ದಾರೆ ಎಂದು ಅನುಮಾನ ಪಡಲು ಕಾರಣವಿದೆ.

ಕಾರ್ಯಕ್ರಮದ ಜೀವ ಇರುವುದು ಗ್ಯಾರೇಜಿನಲ್ಲಿ. ಕಿತ್ತಳೆ ಬಣ್ಣದ ಕೈಗವಸು ಹಾಕಿದ ಎಡ್ ಚೈನಾ ಯಾವ ಬೋಲ್ಟ್ ಮೊದಲು, ಯಾಕೆ ಎಂದು ಹೇಳುತ್ತಲೇ ಬಿಚ್ಚುತ್ತಾರೆ. ಕನ್ನಡದಲ್ಲೂ ಈ ‘ಯಾಕೆ’ ಉಳಿಯಬೇಕು. ಲೋವರ್ ಆರ್ಮ್ ಬುಷ್, ಅಂದರೆ ಚಕ್ರವನ್ನು ಗಾಡಿಯ ತಳಕ್ಕೆ ಜೋಡಿಸುವ ಕೆಳಗಿನ ತೋಳಿನ ರಬ್ಬರ್ ಬುಷ್, ಬದಲಿಸುವುದನ್ನೇ ತಗೊಳ್ಳಿ. ಹಳೇ ಬುಷ್ ಪ್ರೆಸ್ಸಿನಲ್ಲಿ ಹೊರತೆಗೆದು, ಹೊಸದನ್ನು ಗುರುತಿನ ದಿಕ್ಕಿಗೇ ಕೂರಿಸಿ, ಬೋಲ್ಟ್ ಬರೀ ಕೈಬಿಗಿ ಮಾಡಬೇಕು. ಗಾಡಿ ಕೆಳಗಿಳಿಸಿ, ನಾಲ್ಕು ಸಲ ಅದುಮಿ ಬಿಟ್ಟು, ಚಕ್ರದ ಮೇಲೆ ಭಾರ ಕೂತ ನಂತರವೇ ಪೂರ್ತಿ ಬಿಗಿಯಬೇಕು. ಚಕ್ರ ತೂಗಾಡುವಾಗಲೇ ಬಿಗಿದರೆ, ಗಾಡಿ ಇಳಿದಾಗ ಒಳಗಿನ ರಬ್ಬರ್ ತಿರುಚಿಕೊಂಡೇ ನಿಲ್ಲುತ್ತದೆ, ಬೇಗ ಹರಿಯುತ್ತದೆ. ‘ಕಂಪನಿ ಬುಷ್ ಹಾಕಿದರೂ ಬಾಳಲಿಲ್ಲ’ ಎಂಬ ದೂರಿನ ಹಿಂದೆ ಎಷ್ಟೋ ಸಲ ಇದೇ ತಪ್ಪಿರುತ್ತದೆ. ಇಂಥ ಅರ್ಧ ನಿಮಿಷವನ್ನು ಕತ್ತರಿಸಿ ಸಂಗೀತ ತುಂಬಿದರೆ ಕಾರ್ಯಕ್ರಮ ಸತ್ತಂತೆ. ಎಡ್ ಚೈನಾ ಬಿಟ್ಟು ಹೋದದ್ದೂ ಗ್ಯಾರೇಜ್ ಭಾಗವನ್ನು ಕಡಿಮೆ ಮಾಡಲು ಹೊರಟಿದ್ದರು ಎಂಬ ಕಾರಣಕ್ಕೇ, ಹಾಗೆಂದು ಅವರೇ ಹೇಳಿದ್ದಾರೆ.

ಅಳತೆಗಳಲ್ಲಿ ಬಹಳ ಜಾಗ್ರತೆ ಬೇಕು. ಬೋಲ್ಟ್ ಬಿಗಿಯುವ ಅಳತೆ 80 ಅಡಿ-ಪೌಂಡ್ ಎಂದರೆ 108 ನ್ಯೂಟನ್ ಮೀಟರ್. ಅಂಕಿ ಹಾಗೇ ಬಿಟ್ಟು ಅಳತೆಯ ಹೆಸರು ಮಾತ್ರ ಬದಲಿಸಿದರೆ ಬೋಲ್ಟ್ ಸಡಿಲ ಉಳಿಯುತ್ತದೆ. 70,000 ಮೈಲಿ ಓಡಿದ ಗಾಡಿ ಎಂದರೆ ಸುಮಾರು 1,12,600 ಕಿ.ಮೀ. ಮೈಲೇಜ್ ವಿಷಯ ಇನ್ನೂ ಸೂಕ್ಷ್ಮ. ಬ್ರಿಟನ್ನಿನ ಗ್ಯಾಲನ್ 4.546 ಲೀಟರ್, ಅಮೆರಿಕದ್ದು 3.785. ಅದೇ 40 ಎಂಪಿಜಿ (ಗ್ಯಾಲನ್ನಿಗೆ 40 ಮೈಲಿ) ಬ್ರಿಟನ್ನಿನ ಲೆಕ್ಕದಲ್ಲಿ ಲೀಟರಿಗೆ 14.2 ಕಿ.ಮೀ., ಅಮೆರಿಕದ ಲೆಕ್ಕದಲ್ಲಿ 17. ಎಡ್ ಚೈನಾ ನಂತರ ಬಂದ ಮೆಕ್ಯಾನಿಕ್ ಆ್ಯಂಟ್ ಆ್ಯನ್‌ಸ್ಟೆಡ್ ಇದ್ದ ಕಂತುಗಳಲ್ಲಿ ಗ್ಯಾರೇಜ್ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿತ್ತು, ಆದ್ದರಿಂದ ಕಂತು ನೋಡಿ ಲೆಕ್ಕ ಹಾಕಬೇಕು.

ಕಾಗದಪತ್ರದ ಭಾಗವನ್ನು ಹೊಸದಾಗಿಯೇ ಸೇರಿಸಬೇಕು. ಧಾರವಾಡದ ಕೆಎ-25 ಇರಲಿ, ಹುಬ್ಬಳ್ಳಿಯ ಕೆಎ-63 ಇರಲಿ, ಸಾಲ ತೀರಿದ್ದರೂ ಆರ್‌ಸಿಯಲ್ಲಿ ಬ್ಯಾಂಕಿನ ಹೆಸರು ಉಳಿದಿದ್ದರೆ ಮೊದಲು ನಮೂನೆ 35 ಕೊಟ್ಟು ತೆಗೆಸಿ, ಆಮೇಲೆ ಹೆಸರು ವರ್ಗಾವಣೆಗೆ ನಮೂನೆ 29 ಮತ್ತು 30. ಮಹಾರಾಷ್ಟ್ರದ ಗಾಡಿ ಅಗ್ಗ ಅಂತ ತಂದರೆ ನಮೂನೆ 28ರ ಎನ್‌ಒಸಿ, ಮೇಲೆ ಇಲ್ಲಿನ ಜೀವಿತಾವಧಿ ತೆರಿಗೆ. 15 ವರ್ಷ ದಾಟಲಿರುವ ಗಾಡಿಯಾದರೆ ನೋಂದಣಿ ನವೀಕರಣದ ಖರ್ಚನ್ನು ಚೌಕಾಸಿಯಲ್ಲೇ ಕಳೆಯಬೇಕು.

ನೋಡಲು ಶುರು ಮಾಡುವವರು ಎಡ್ ಚೈನಾ ಇದ್ದ ಮೊದಲ 13 ಸರಣಿಗಳಿಂದಲೇ ಶುರು ಮಾಡಲಿ. ಅವುಗಳಲ್ಲಿ ಬರುವ ಬ್ರಿಟನ್ನಿನ ಗಾಡಿಗಳಲ್ಲಿ ಸ್ಟೇರಿಂಗ್ ನಮ್ಮಂತೆ ಬಲಕ್ಕೇ ಇರುತ್ತದೆ, ಆದ್ದರಿಂದ ಅವರು ತೋರಿಸುವ ಕಡೆಯೇ ನಮ್ಮ ಗಾಡಿಯಲ್ಲೂ ಹುಡುಕಬಹುದು.